ಆರು ದಿನದ ಪಥ್ಯ, ಏಳನೆಯ ದಿನದ ಬಿರಿಯಾನಿ

2016ರ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್‌ನ ಬ್ಯಾಡ್ಮಿಂಟನ್ ಫೈನಲ್ ಮುಗಿದು ಪಿ.ವಿ. ಸಿಂಧು ಬೆಳ್ಳಿ ಗೆದ್ದಾಗ, ಅವರ ಗುರು ಪುಲ್ಲೇಲ ಗೋಪಿಚಂದ್ ಪತ್ರಕರ್ತರೆದುರು ಎರಡು ಸಂಗತಿ ಹೇಳಿದರು. ಮೂರು ತಿಂಗಳಿಂದ ಶಿಷ್ಯೆಯ ಕೈಯಲ್ಲಿ ಫೋನ್ ಇರಲಿಲ್ಲ, ಇನ್ನು ಅದನ್ನು ವಾಪಸ್ ಕೊಡುತ್ತಾರೆ. ರಿಯೊಗೆ ಬಂದ ಹನ್ನೆರಡು, ಹದಿಮೂರು ದಿನ ಆಕೆಗೆ ಇಷ್ಟವಾದ ಸಿಹಿ ಮೊಸರನ್ನೂ ಐಸ್‌ಕ್ರೀಮನ್ನೂ ನಿಲ್ಲಿಸಿದ್ದರು, ಇನ್ನು ಬೇಕಾದ್ದನ್ನು ತಿನ್ನಬಹುದು. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಗೋಪಿಚಂದ್ ಕಟ್ಟಿದ ಅಕಾಡೆಮಿಯ ಈ ಕಥೆ ದೇಶವೆಲ್ಲ ಸುತ್ತಿತು. ಕಟ್ಟುನಿಟ್ಟಾಗಿ ಬಾಯಿ ಕಟ್ಟಿದವರಿಗೆ ಕೊನೆಗೊಂದು ದಿನ ಬಿಡುವು ಸಲ್ಲಬೇಕು ಎಂದು ನಮಗೆಲ್ಲ ಅನ್ನಿಸುವುದು ಸಹಜ.

ಅದೇ ಊರಿನ ಐಟಿ ಕಚೇರಿಗಳಲ್ಲಿ, ಜಿಮ್‌ಗಳಲ್ಲಿ ಈ ನಂಬಿಕೆ ವಾರದ ಲೆಕ್ಕಕ್ಕೆ ಇಳಿದಿದೆ. ಸೋಮವಾರದಿಂದ ಶನಿವಾರದವರೆಗೆ ಡಯಟ್, ಭಾನುವಾರ ಮನಸ್ಸಿಗೆ ಬಂದಂತೆ ತಿನ್ನುವ ಚೀಟ್ ಡೇ. ಅಮೆರಿಕದ ದೇಹದಾರ್ಢ್ಯ ಪಟುಗಳ ನಡುವೆ ಮೊದಲೇ ಇದ್ದ ಈ ಪದ್ಧತಿಯನ್ನು ಬಿಲ್ ಫಿಲಿಪ್ಸ್ 1999ರಲ್ಲಿ ಬರೆದ 'ಬಾಡಿ ಫಾರ್ ಲೈಫ್' ಪುಸ್ತಕ ಜನಸಾಮಾನ್ಯರಿಗೆ ಮುಟ್ಟಿಸಿತು. ಆದರೆ ದಿನಕ್ಕೆ ಗಂಟೆಗಟ್ಟಲೆ ಅಂಕಣದಲ್ಲಿ ಬೆವರು ಹರಿಸುವ ಆಟಗಾರ್ತಿಯ ನಿಯಮವನ್ನೂ, ಒಂಬತ್ತು ಗಂಟೆ ಕುರ್ಚಿಯಲ್ಲಿ ಕೂತು ದುಡಿಯುವವರ ಅಗತ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಸಿಂಧು ಐಸ್‌ಕ್ರೀಂ ಬಿಟ್ಟಿದ್ದು ಪಂದ್ಯಕ್ಕಾಗಿ, ತೂಕ ಇಳಿಸುವುದಕ್ಕಲ್ಲ. ಆಕೆಗೆ ಸಿಕ್ಕ ಬಿಡುವು ಪಂದ್ಯಾವಳಿ ಮುಗಿದ ಮೇಲಿನದು, ನಡುವಿನದಲ್ಲ.

ಕುರ್ಚಿಯಲ್ಲಿ ಕೂತವರ ಸ್ಥಿತಿ ಏನು ಎಂಬುದಕ್ಕೆ ಗಚ್ಚಿಬೌಲಿಯಿಂದಲೇ ಒಂದು ಸಾಕ್ಷ್ಯ ಸಿಕ್ಕಿದೆ. ಅಲ್ಲಿನ ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧಕರು ಎಐಜಿ ಆಸ್ಪತ್ರೆಯ ವೈದ್ಯರ ಜೊತೆ ಸೇರಿ 345 ಐಟಿ ಉದ್ಯೋಗಿಗಳನ್ನು ಪರೀಕ್ಷಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ 84ರಷ್ಟು ಮಂದಿಯ ಯಕೃತ್ತಿನಲ್ಲಿ ಕೊಬ್ಬು ಹೆಚ್ಚಾಗಿತ್ತು, ಶೇ 71ರಷ್ಟು ಮಂದಿ ಸ್ಥೂಲಕಾಯದವರು. ಇದು 345 ಜನರ ಅಧ್ಯಯನ, ಊರಿಗೆ ಊರನ್ನೇ ಇದರಿಂದ ಅಳೆಯುವಂತಿಲ್ಲ. ಆದರೂ ಲಘುವಾಗಿ ತಳ್ಳಿಹಾಕುವ ಸಂಖ್ಯೆಯೂ ಅಲ್ಲ. ಯಕೃತ್ತಿನ ಕೊಬ್ಬಿಗೆ ಇವತ್ತಿಗೂ ಮೊದಲ ಚಿಕಿತ್ಸೆ ತೂಕ ಇಳಿಸುವುದೇ. ದೇಹತೂಕದ ಶೇ 5ರಷ್ಟು ಇಳಿದರೆ ಕೊಬ್ಬು ಕರಗತೊಡಗುತ್ತದೆ, ಶೇ 7ರಿಂದ 10ರಷ್ಟು ಇಳಿದರೆ ಉರಿಯೂತವೂ ತಗ್ಗುತ್ತದೆ. ಎಂಬತ್ತು ಕಿಲೊ ತೂಗುವವರಿಗೆ ಇದರರ್ಥ ಮೊದಲ ಹಂತದಲ್ಲಿ ನಾಲ್ಕು ಕಿಲೊ. ಈ ನಾಲ್ಕು ಕಿಲೊ ಇಳಿಕೆ ಭಾನುವಾರಗಳಲ್ಲಿ ಹೇಗೆ ಕೈತಪ್ಪುತ್ತದೆ ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ.

ಲೆಕ್ಕ ಹಾಕಿ ನೋಡೋಣ. ಒಬ್ಬರ ದೇಹಕ್ಕೆ ದಿನಕ್ಕೆ 2200 ಕ್ಯಾಲರಿ ಬೇಕು ಎಂದಿಟ್ಟುಕೊಳ್ಳಿ. ಅವರು ಆರು ದಿನ 1800 ಕ್ಯಾಲರಿಯಷ್ಟೇ ತಿನ್ನುತ್ತಾರೆ. ದಿನಕ್ಕೆ 400ರಂತೆ ಆರು ದಿನಕ್ಕೆ 2400 ಕ್ಯಾಲರಿ ಉಳಿತಾಯ. ಭಾನುವಾರ ಬೆಳಿಗ್ಗೆ ತುಪ್ಪದ ದೋಸೆ, ವಡೆ, ಮಧ್ಯಾಹ್ನ ಒಂದು ಪ್ಲೇಟ್ ಚಿಕನ್ ಬಿರಿಯಾನಿ, ಜೊತೆಗೆ ಮಿರ್ಚಿ ಕಾ ಸಾಲನ್, ತಂಪು ಪಾನೀಯ, ಮೇಲೆ ಡಬಲ್ ಕಾ ಮೀಠಾ, ಸಂಜೆ ಗೆಳೆಯರೊಡನೆ ಬೀದಿ ತಿಂಡಿ, ರಾತ್ರಿ ಪಿಜ್ಜಾ. ಹೈದರಾಬಾದಿನ ಹೋಟೆಲಿನ ಬಿರಿಯಾನಿ ಪ್ಲೇಟು ಇಬ್ಬರಿಗಾಗುವಷ್ಟಿರುತ್ತದೆ. ಒಬ್ಬರೇ ಮುಗಿಸಿದರೆ ಅದೊಂದೇ ಸುಮಾರು 1000 ಕ್ಯಾಲರಿ. ಹೀಗೆ ಆ ದಿನದ ಮೊತ್ತ 4000 ಮುಟ್ಟುವುದು ಕಷ್ಟವಲ್ಲ. ಅಗತ್ಯಕ್ಕಿಂತ 1800 ಹೆಚ್ಚು. ಆರು ದಿನದ 2400ರಲ್ಲಿ ಉಳಿದದ್ದು 600.

ಒಂದು ಕಿಲೊ ದೇಹದ ಕೊಬ್ಬು ಎಂದರೆ ಸ್ಥೂಲವಾಗಿ 7700 ಕ್ಯಾಲರಿ. ಏಳೂ ದಿನ 1800ಕ್ಕೆ ನಿಂತವರಿಗೆ ವಾರಕ್ಕೆ ಸುಮಾರು 360 ಗ್ರಾಂ ಇಳಿಯಬೇಕು. ನಮ್ಮ ಭಾನುವಾರದವರಿಗೆ 80 ಗ್ರಾಂ. ನಾಲ್ಕು ಕಿಲೊ ಇಳಿಯಲು ಮೊದಲನೆಯವರಿಗೆ ಮೂರು ತಿಂಗಳ ಆಸುಪಾಸು, ಎರಡನೆಯವರಿಗೆ ಒಂದು ವರ್ಷ. ತೂಕ ಇಳಿದಂತೆ ದೇಹದ ಖರ್ಚೂ ಇಳಿಯುವುದರಿಂದ ವಾಸ್ತವದಲ್ಲಿ ಎರಡೂ ಇನ್ನಷ್ಟು ನಿಧಾನ. ಇದರಲ್ಲಿ ಶುಕ್ರವಾರ ರಾತ್ರಿಯ ಪಾರ್ಟಿ, ಶನಿವಾರದ ಸಿನಿಮಾ, ಮಾಲ್ ಸೇರಿದರೆ? ಸೋಮವಾರದಿಂದ ಗುರುವಾರಕ್ಕೆ ಉಳಿಸಿದ 1600 ಕ್ಯಾಲರಿಯನ್ನು ಮೂರು ದಿನದ ಹೆಚ್ಚುವರಿ ನುಂಗಿ ತೂಕ ಏರತೊಡಗುತ್ತದೆ. ಡಯಟ್ ಮಾಡಿಯೂ ದಪ್ಪಗಾದೆ ಎಂದು ಕಣ್ಣೀರು ಹಾಕುವವರು ಸುಳ್ಳು ಹೇಳುತ್ತಿಲ್ಲ. ನಾಲ್ಕು ದಿನ ಅವರು ನಿಜಕ್ಕೂ ಹಸಿದಿದ್ದಾರೆ. ಕೊಬ್ಬು ಏರುವುದೂ ಇಳಿಯುವುದೂ ವಾರ ವಾರಗಳ ಒಟ್ಟು ಲೆಕ್ಕದಿಂದ, ಯಾವ ದಿನಕ್ಕೂ ವಿನಾಯಿತಿ ಇಲ್ಲ.

ನಡೆದು ಕರಗಿಸುತ್ತೇನೆ ಎಂಬುದು ಮುಂದಿನ ಮಾತು. ಗಚ್ಚಿಬೌಲಿಗೆ ಹತ್ತಿರದ ಕೊಂಡಾಪುರದ ಬೊಟಾನಿಕಲ್ ಗಾರ್ಡನ್ನಿನಲ್ಲಿ ಎಪ್ಪತ್ತು ಕಿಲೊ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಕರಗುವುದು 250ರಿಂದ 300 ಕ್ಯಾಲರಿ. ಭಾನುವಾರದ 1800ಕ್ಕೆ ಆರು ಗಂಟೆಗೂ ಮೀರಿದ ನಡಿಗೆ ಬೇಕು. ನಡಿಗೆ ಹೃದಯಕ್ಕೆ, ಸಕ್ಕರೆಗೆ, ನಿದ್ರೆಗೆ ಅಮೂಲ್ಯ. ತಿಂದದ್ದರ ದಂಡ ಎಂದು ಅದನ್ನು ಮಾಡಿದವರು ಬೇಗ ಬಿಟ್ಟುಬಿಡುತ್ತಾರೆ.

ಸೋಮವಾರ ಬೆಳಿಗ್ಗೆ ತೂಕದ ಯಂತ್ರ ತೋರಿಸುವುದನ್ನೂ ಸ್ವಲ್ಪ ವಿವರಿಸಬೇಕು, ಇಲ್ಲಿ ಅನೇಕರು ಧೈರ್ಯ ಕಳೆದುಕೊಳ್ಳುತ್ತಾರೆ. ಒಂದು ರಾತ್ರಿಯಲ್ಲಿ ಒಂದೂವರೆ ಕಿಲೊ ಏರಿದ್ದರೆ ಅದು ಕೊಬ್ಬಲ್ಲ. ಅನ್ನ, ಸಿಹಿ ತಿಂದಾಗ ದೇಹ ಆ ಪಿಷ್ಟವನ್ನು ಗ್ಲೈಕೊಜೆನ್ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಡುತ್ತದೆ, ಪ್ರತಿ ಗ್ರಾಂ ಗ್ಲೈಕೊಜೆನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ನಿಲ್ಲುತ್ತದೆ. ಹೋಟೆಲ್ ಊಟದ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ಎರಡು ಮೂರು ದಿನದಲ್ಲಿ ಅದು ಇಳಿದುಹೋಗುತ್ತದೆ. ಸೋಮವಾರದ ಅಂಕಿ ನೋಡಿ ಗಾಬರಿಯಾಗಿ ಊಟ ಬಿಡುವುದು, ಗುರುವಾರದ ಅಂಕಿ ನೋಡಿ ಭಾನುವಾರ ಏನೂ ಆಗಲಿಲ್ಲ ಎಂದು ನೆಮ್ಮದಿಯಾಗುವುದು, ಎರಡೂ ನೀರನ್ನು ಕೊಬ್ಬೆಂದು ಓದಿದ್ದರ ಫಲ.

ವಾರಕ್ಕೊಮ್ಮೆ ಹೊಟ್ಟೆತುಂಬ ತಿಂದರೆ ನಿದ್ದೆಹೋದ ಚಯಾಪಚಯ ಎಚ್ಚರವಾಗುತ್ತದೆ ಎಂದು ಜಿಮ್ ತರಬೇತುದಾರರು ಹೇಳುವುದುಂಟು. ಇದರಲ್ಲಿ ಎಳೆಯಷ್ಟು ಸತ್ಯವಿದೆ. ಕಡಿಮೆ ತಿಂದಾಗ ಹಸಿವು ತಗ್ಗಿಸುವ ಲೆಪ್ಟಿನ್ ಹಾರ್ಮೋನು ಇಳಿಯುತ್ತದೆ, ಹೆಚ್ಚು ಪಿಷ್ಟ ತಿಂದಾಗ ಏರುತ್ತದೆ. ಆದರೆ ಆ ಏರಿಕೆ ಕ್ಷಣಿಕ, ಅದರಿಂದ ಹೆಚ್ಚುವ ಖರ್ಚು ತಿಂದ ಹೆಚ್ಚುವರಿಯ ಹತ್ತಿರಕ್ಕೂ ಬರುವುದಿಲ್ಲ. ಬಿಡುವಿನ ಪರವಾಗಿ ಹೆಚ್ಚಾಗಿ ಉಲ್ಲೇಖವಾಗುವುದು ಆಸ್ಟ್ರೇಲಿಯದ ಟಾಸ್ಮೇನಿಯ ವಿಶ್ವವಿದ್ಯಾಲಯದ ಮ್ಯಾಟಡೋರ್ ಅಧ್ಯಯನ. ಸ್ಥೂಲಕಾಯದ 51 ಗಂಡಸರಲ್ಲಿ ಒಂದು ಗುಂಪು ಹದಿನಾರು ವಾರ ಸತತವಾಗಿ ಪಥ್ಯ ಮಾಡಿತು. ಇನ್ನೊಂದು ಗುಂಪು ಎರಡು ವಾರ ಪಥ್ಯ, ಎರಡು ವಾರ ಬಿಡುವು ಎಂದು ಮಾಡಿ ಹೆಚ್ಚು ತೂಕ ಇಳಿಸಿತು: ಮೊದಲನೆಯವರು ಸುಮಾರು 9 ಕಿಲೊ, ಇವರು 14. ಈ ಬಿಡುವಿನಲ್ಲಿ ಅವರು ಬೇಕಾದಷ್ಟು ತಿನ್ನಲಿಲ್ಲ ಎಂಬುದನ್ನು ಹೇಳುವವರು ಬಿಟ್ಟುಬಿಡುತ್ತಾರೆ. ತೂಕ ಇದ್ದಲ್ಲೇ ನಿಲ್ಲುವಷ್ಟೇ ಆಹಾರವನ್ನು ಅಳೆದು ಕೊಟ್ಟಿದ್ದರು. ಅದಕ್ಕೂ ಚೀಟ್ ಡೇಗೂ ಸಂಬಂಧವಿಲ್ಲ.

ವಾರಾಂತ್ಯದ ಮೇಲೆಯೇ ನೇರವಾಗಿ ಕಣ್ಣಿಟ್ಟ ಅಧ್ಯಯನಗಳೂ ಇವೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ತಿನ್ನುವ ಗುಂಪಿನವರ ತೂಕ ವಾರದ ದಿನಗಳಲ್ಲಿ ಇಳಿದು ಶನಿವಾರ, ಭಾನುವಾರ ನಿಂತುಹೋಗುತ್ತಿತ್ತು. ಅಮೆರಿಕದಲ್ಲಿ ತೂಕ ಇಳಿಸಿ ಉಳಿಸಿಕೊಂಡವರ ಒಂದು ನೋಂದಣಿ ಪಟ್ಟಿಯೇ 1994ರಲ್ಲಿ ಶುರುವಾಯಿತು. ಅದರಲ್ಲಿರುವವರನ್ನು ಗಮನಿಸಿದ 2004ರ ವರದಿ, ವಾರವಿಡೀ ಒಂದೇ ರೀತಿ ಉಣ್ಣುವವರು ಮುಂದಿನ ವರ್ಷವೂ ತೂಕ ಕಾಯ್ದುಕೊಳ್ಳುವ ಸಾಧ್ಯತೆ ಒಂದೂವರೆ ಪಟ್ಟು ಹೆಚ್ಚು ಎಂದಿತು.

ಹಾಗಾದರೆ ಬಿರಿಯಾನಿ ಬಿಟ್ಟುಬಿಡಬೇಕೆ? ಬೇಡ. ನನ್ನ ಖಚಿತ ಅಭಿಪ್ರಾಯವೆಂದರೆ ತಪ್ಪಿರುವುದು ಭಾನುವಾರದಲ್ಲಲ್ಲ, ಉಳಿದ ಆರು ದಿನಗಳಲ್ಲಿ. ಬೀದರ್, ಕಲಬುರಗಿ, ರಾಯಚೂರಿನಿಂದ ಬಂದು ಗಚ್ಚಿಬೌಲಿಯ ಪೀಜಿಗಳಲ್ಲಿರುವ ಹುಡುಗ ಹುಡುಗಿಯರು ಡಯಟ್ ಎಂದು ಮೊಟ್ಟೆಯ ಬಿಳಿಭಾಗ, ಓಟ್ಸ್, ಬೇಯಿಸಿದ ಬ್ರೊಕೊಲಿ ತಿಂದು ದಿನ ದೂಡುತ್ತಾರೆ. ಹುಟ್ಟಿದಾಗಿನಿಂದ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಉಂಡು ಬೆಳೆದ ನಾಲಿಗೆಗೆ ಅದು ಊಟವಲ್ಲ, ಶಿಕ್ಷೆ. ಶಿಕ್ಷೆ ಅನುಭವಿಸಿದವರು ಬಿಡುಗಡೆಯ ದಿನ ಅಳತೆ ಮರೆಯುತ್ತಾರೆ. 1944–45ರಲ್ಲಿ ಸಂಶೋಧಕ ಆನ್ಸೆಲ್ ಕೀಸ್ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟ ಪ್ರಯೋಗದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಹಸಿವು ಮುಂದಾದಂತೆ ಅವರ ಮಾತು, ಓದು, ಕನಸು ಎಲ್ಲವೂ ಊಟದ ಸುತ್ತಲೇ ಸುತ್ತಿದವು. ನಿರ್ಬಂಧ ತೆಗೆದ ಮೇಲೆ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದೂ ತೃಪ್ತಿ ಕಾಣಲಿಲ್ಲ. ಅವರು ದುರ್ಬಲ ಮನಸ್ಸಿನವರಾಗಿರಲಿಲ್ಲ, ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದೆ ಈ ಸೇವೆಗೆ ತಾವಾಗಿಯೇ ಬಂದವರು.

ನಮ್ಮ ಏಕಾದಶಿಯ ಕ್ರಮ ಇಲ್ಲಿ ನೆನಪಾಗುತ್ತದೆ. ಉಪವಾಸ ಮುಗಿದ ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಕೂತವರ ಎಲೆಯಲ್ಲಿ ಇರುವುದು ಅಗಸೆ ಸೊಪ್ಪು, ನೆಲ್ಲಿಕಾಯಿ, ಹೆಸರುಬೇಳೆಯಂಥವು. ಹಸಿದ ಹೊಟ್ಟೆಯಿಂದ ಊಟಕ್ಕೆ ಮರಳುವ ದಾರಿಯನ್ನೂ ನಮ್ಮ ಹಿರಿಯರು ಯೋಚಿಸಿದ್ದರು. ಅವರ ಉದ್ದೇಶ ತೂಕವಾಗಿರಲಿಲ್ಲ, ಆದರೂ ಆ ವಿವೇಕ ನನಗೆ ದೊಡ್ಡದೆನಿಸುತ್ತದೆ.

ದಿನದ ಬದಲು ಒಂದು ಊಟ: ಇಷ್ಟು ಬದಲಾಯಿಸಿದರೆ ಲೆಕ್ಕವೇ ಬೇರೆಯಾಗುತ್ತದೆ. ಭಾನುವಾರ 4000ದ ಬದಲು 2600 ಕ್ಯಾಲರಿಗೆ ನಿಂತರೆ ವಾರದ ಉಳಿತಾಯ 2000, ಇಳಿಕೆ ಸುಮಾರು 260 ಗ್ರಾಂ. ಮನಸ್ಸಿಗೂ ಇದು ಒಳ್ಳೆಯದೇ ಎನ್ನಲು ಆಧಾರವಿದೆ. 2016ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಮೊದಲೇ ಯೋಜಿಸಿದ ಬಿಡುವು ಇದ್ದವರು ಇಲ್ಲದವರಷ್ಟೇ ತೂಕ ಇಳಿಸಿದರು, ಅವರ ಉತ್ಸಾಹ ಮಾತ್ರ ಹೆಚ್ಚು ಉಳಿದಿತ್ತು. ಮಧ್ಯಾಹ್ನ ಬಿರಿಯಾನಿ ಎಂದಿದ್ದರೆ ಬೆಳಿಗ್ಗೆ ಉಪವಾಸ ಬೇಡ, ಎರಡು ಮೊಟ್ಟೆಯೋ ಒಂದು ಬಟ್ಟಲು ಮೊಳಕೆಕಾಳೋ ತಿಂದು ಹೋಗಿ. ಒಂದು ಪ್ಲೇಟನ್ನು ಇಬ್ಬರು ಹಂಚಿಕೊಳ್ಳಿ, ತುಂಡುಗಳನ್ನೂ ಮೊಸರು ಚಟ್ನಿಯನ್ನೂ ಹೆಚ್ಚು ಹಾಕಿಕೊಳ್ಳಿ. ಬಿರಿಯಾನಿಯ ಜೊತೆ ತಂಪು ಪಾನೀಯ ಬೇಡವೇ ಬೇಡ, 300 ಮಿ.ಲೀ. ಬಾಟಲಿಯಲ್ಲಿ ಮೂವತ್ತು ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ಬಾಯಿಗೆ ಬಿರಿಯಾನಿ ಕೊಡುವ ಸುಖದ ಕಾಲು ಭಾಗವನ್ನೂ ಅದು ಕೊಡುವುದಿಲ್ಲ. ಆರು ದಿನಕ್ಕೆ ಊರಿನ ಊಟವನ್ನೇ ಅಳತೆಯಲ್ಲಿ ಉಣ್ಣಿ: ಎರಡು ರೊಟ್ಟಿ, ಬಟ್ಟಲು ತುಂಬ ಕಾಳುಪಲ್ಯ, ಸೊಪ್ಪು, ಮಜ್ಜಿಗೆ. ಹೈದರಾಬಾದಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಧಾನ್ಯದ ಪಾಲು ದಿನದ ಕ್ಯಾಲರಿಯ ಶೇ 45 ಮೀರಬಾರದು ಎಂದಿರುವುದು ಹೆಚ್ಚುಕಡಿಮೆ ಇಂಥದೇ ತಟ್ಟೆಗೆ ಹೊಂದುತ್ತದೆ.

ಕೆಲವರಿಗೆ ಈ ವಾರದ ಬಿಡುವು ಯಾವ ರೂಪದಲ್ಲೂ ಬೇಡ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಆರು ದಿನ ಅರೆಹೊಟ್ಟೆ, ಒಂದು ದಿನ ಔತಣ ಎಂದು ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಏರಲೂಬಹುದು. ವೈದ್ಯರನ್ನು ಕೇಳದೆ ಊಟದ ಕ್ರಮ ಬದಲಿಸಬಾರದು. ತಿನ್ನಲು ಕೂತರೆ ಕೈ ನಿಲ್ಲದವರು, ತಿಂದ ಮೇಲೆ ಕದ್ದುಮುಚ್ಚಿ ಅಳುವವರು, ವಾಂತಿ ಮಾಡುವವರು ಗಮನಿಸಬೇಕು: ಕೆನಡದ ಸಾವಿರಾರು ಹದಿಹರೆಯದವರು ಮತ್ತು ಯುವಜನರಿಂದ ಮಾಹಿತಿ ಪಡೆದ 2022ರ ಅಧ್ಯಯನ ಚೀಟ್ ಮೀಲ್ ಅಭ್ಯಾಸಕ್ಕೂ ತಿನ್ನುವ ಕಾಯಿಲೆಯ ಲಕ್ಷಣಗಳಿಗೂ ನಂಟು ಕಂಡಿದೆ. ಅಂಥವರಿಗೆ ಬೇಕಾದ್ದು ಇನ್ನೊಂದು ಡಯಟ್ ಚಾರ್ಟ್ ಅಲ್ಲ, ಮನೋವೈದ್ಯರ ನೆರವು. ಮನೆಯವರು ಬೈಯದೆ ಜೊತೆಗೆ ಹೋಗಬೇಕು.

ಉಳಿದವರು ತಮಗೆ ಯಾವುದು ಹೊಂದುತ್ತದೆ ಎಂದು ತಾವೇ ಪರೀಕ್ಷಿಸಿಕೊಳ್ಳಬಹುದು. ದಿನವೂ ಬೆಳಿಗ್ಗೆ ಎದ್ದು ಶೌಚ ಮುಗಿಸಿ ತೂಕ ನೋಡಿ, ಬರೆದಿಡಿ. ಆಯಾ ದಿನದ ಅಂಕಿಗೆ ಬೆಲೆ ಕೊಡದೆ ಏಳು ದಿನದ ಸರಾಸರಿ ತೆಗೆದು ನಾಲ್ಕು ವಾರ ಹೋಲಿಸಿ. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸೊಂಟವನ್ನೂ ಅಳೆಯಿರಿ. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ನಾಲ್ಕು ವಾರದ ಸರಾಸರಿ ಇಳಿಯುತ್ತಿದ್ದರೆ ನಿಮ್ಮ ಭಾನುವಾರದ ಊಟ ಇದ್ದಂತೆಯೇ ಇರಲಿ. ಇಳಿಯದಿದ್ದರೆ ಮೊದಲು ಶುಕ್ರವಾರ, ಶನಿವಾರ ರಾತ್ರಿಗಳಲ್ಲಿ ಏನು ತಿಂದಿರಿ, ಕುಡಿದಿರಿ ಎಂದು ನೋಡಿ, ಭಾನುವಾರದ ಬಿರಿಯಾನಿಯನ್ನು ಆಮೇಲೆ ವಿಚಾರಿಸಿ.