ಮೊಲದ ಕಿವಿಯ ಗೆರೆ

ಮಕ್ಕಳೇ, ಹೋದ ತಿಂಗಳು ನನ್ನ ಎಡಗಣ್ಣಿನ ಪೊರೆ ತೆಗೆಸಬೇಕಿತ್ತು. ಅದಕ್ಕೂ ಮೊದಲು ಇಸಿಜಿ ತೆಗೆದರು. ಕಾಗದದ ಮೇಲ್ತುದಿಯಲ್ಲಿ ಯಂತ್ರವೇ ‘ಅಬ್‌ನಾರ್ಮಲ್ ಇಸಿಜಿ’ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿತ್ತು. ಐದನೆಯ ತರಗತಿಯ ನನ್ನ ಮೊಮ್ಮಗ ಅದನ್ನು ಗಟ್ಟಿಯಾಗಿ ಓದಿಬಿಟ್ಟ.

“ಅಜ್ಜಾ, ನಿನ್ನ ಹಾರ್ಟ್ ಕೆಟ್ಟೈತೇನು?”

ನನಗೂ ಗೊತ್ತಿರಲಿಲ್ಲ. ಕೊಪ್ಪಳದ ಡಾಕ್ಟರಿಗೆ ತೋರಿಸುವುದು ಮರುದಿನ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಂಜಿಕೆ ಮರೆಯಲಿ ಎಂದು ಮೊಮ್ಮಗನಿಗೆ ಲೆಕ್ಕ ಕೊಟ್ಟೆ. ಇಸಿಜಿ ಹಾಳೆ ನಿಮ್ಮ ಗ್ರಾಫ್ ಹಾಳೆಯಂತೆಯೇ ಇರುತ್ತದೆ. ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡು, ಐದು ಸಣ್ಣ ಚೌಕ ಸೇರಿ ಒಂದು ದೊಡ್ಡ ಚೌಕ. ಎರಡು ಎತ್ತರದ ಶಿಖರಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆಯೋ ಅಷ್ಟರಿಂದ 300ನ್ನು ಭಾಗಿಸಿದರೆ ನಿಮಿಷದ ಬಡಿತ ಸಿಗುತ್ತದೆ. ನನ್ನದು ನಾಲ್ಕು ಚೌಕ, ಅಂದರೆ 75. ಬಡಿತವೇನೋ ಸರಿಯಿತ್ತು!

ಮರುದಿನ ಡಾಕ್ಟರು ಎದೆನೋವು, ಏದುಸಿರು, ತಲೆಸುತ್ತು ಇದೆಯೇ ಎಂದು ವಿಚಾರಿಸಿದರು. ಯಾವುದೂ ಇರಲಿಲ್ಲ. “ಅಜ್ಜಾರ, ಹಳೇ ಇಸಿಜಿ ಏನಾರ ಐತೇನ್ರಿ?” ಎಂದರು. ನಮ್ಮ ಮನೆಯಾಕೆ ಕೈಚೀಲದಿಂದ ಎಂಟು ವರ್ಷದ ಹಿಂದೆ ಬಲಗಣ್ಣಿನ ಆಪರೇಷನ್‌ಗೆ ತೆಗೆಸಿದ್ದ ಕಾಗದ ಕೊಟ್ಟಳು. ಪೂರ್ತಿ ಮಾಸಿತ್ತು. ಬೆಳಕಿಗೆ ಹಿಡಿದು ನೋಡಿದ ಡಾಕ್ಟರು ಮೊಮ್ಮಗನನ್ನು ಕರೆದು, ಎರಡರಲ್ಲೂ ಒಂದೇ ಜಾಗ ತೋರಿಸಿದರು. ಒಂದೇ ಶಿಖರ ಇರಬೇಕಾದಲ್ಲಿ ಎರಡು, ಥೇಟ್ ಮೊಲದ ಕಿವಿ!

ನಮ್ಮ ಗಿಣಿಗೇರಾ ಜಂಕ್ಷನ್ನಿನಲ್ಲಿ ಒಂದು ಹಳಿ ಹೊಸಪೇಟೆ ಕಡೆ, ಇನ್ನೊಂದು ಗಂಗಾವತಿ ಕಡೆ ಹೋಗುತ್ತದಲ್ಲವೇ? ಹೃದಯದಲ್ಲೂ ಹಾಗೆಯೇ. ಮೇಲಿನ ಕೋಣೆಯಲ್ಲಿ ಹುಟ್ಟಿದ ವಿದ್ಯುತ್ ಸಂಕೇತ ನಡುವಿಗೆ ಬಂದು ಎಡಕ್ಕೂ ಬಲಕ್ಕೂ ಕವಲೊಡೆಯುತ್ತದೆ. ನನ್ನ ಬಲದ ಹಳಿ ಬಂದ್ ಆಗಿದೆ. ಸಂಕೇತ ಎಡಗಡೆಯಿಂದ ಸುತ್ತುಹಾಕಿ ಬಲಗಡೆಗೆ ತುಸು ತಡವಾಗಿ ತಲುಪುತ್ತದೆ. ಅದೇ ಎರಡನೆಯ ಕಿವಿ.

“ಆಗಲೂ ಇತ್ತು, ಈಗಲೂ ಅಷ್ಟೇ ಐತಿ. ಅಂಜಬ್ಯಾಡ್ರಿ” ಎಂದರು. ಹಳೆಯ ಕಾಗದ ಇರದಿದ್ದರೆ ಇನ್ನಷ್ಟು ಪರೀಕ್ಷೆ, ಇನ್ನಷ್ಟು ಅಂಜಿಕೆ ಇರುತ್ತಿತ್ತು.

ಹಾಗೆಂದು ಎಲ್ಲ ಬದಲಾವಣೆಯನ್ನೂ ಹಗುರವಾಗಿ ಕಾಣಬಾರದು. ಡಚ್ ವಿಜ್ಞಾನಿ ಐಂಥೋವನ್ ಈ ಗೆರೆಯ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟರು. 1924ರಲ್ಲಿ ನೊಬೆಲ್ ಪಡೆದರು. ಎದೆನೋವಿನ ಜೊತೆಗೆ ಎಸ್ ಮತ್ತು ಟಿ ನಡುವಿನ ಗೆರೆ ದಿಬ್ಬದಂತೆ ಮೇಲೆದ್ದಿದ್ದರೆ, ಹೃದಯದ ರಕ್ತನಾಳ ಕಟ್ಟಿರಬಹುದು. ಆಗ ಒಂದೊಂದು ನಿಮಿಷವೂ ಮುಖ್ಯ. ಹೃದಯಾಘಾತದ ಆರಂಭದಲ್ಲಿ ಇಸಿಜಿ ಸರಿಯಾಗಿಯೇ ಕಾಣುವುದೂ ಉಂಟು, ಅದಕ್ಕೇ ಮತ್ತೆ ಮತ್ತೆ ತೆಗೆಯುತ್ತಾರೆ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ 46 ವರ್ಷ. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯನ್ನು ಸರ್ಕಾರ 2023ರಲ್ಲಿ ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ಬೇಕಾದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ಮನೆಯಲ್ಲಿ ಹಿರಿಯರಿಗೆ ಎದೆ ಹಿಂಡಿದಂತಾಗಿ ಬೆವರಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಈ ವಾರದ ಕೆಲಸ: ಅಜ್ಜ, ಅಜ್ಜಿಯ ಹಳೆಯ ಇಸಿಜಿ ಹುಡುಕಿ. ಅದು ಬಸ್ ಟಿಕೆಟ್‌ನಂಥ ಕಾಗದ, ಬಿಸಿಗೆ ಮಾಸುತ್ತದೆ. ಝೆರಾಕ್ಸ್ ಮಾಡಿಸಿ, ತಾರೀಖು ಬರೆದಿಡಿ. ನನ್ನದರ ಮೇಲೆ ಮೊಮ್ಮಗ ತಾರೀಖಿನ ಜೊತೆ ಒಂದು ಮೊಲವನ್ನೂ ಬರೆದಿಟ್ಟಿದ್ದಾನೆ.