ಐನ್‌ಮನೆಯಿಂದ ಹಾಕಿ ಮೈದಾನಕ್ಕೆ
ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಇಳಿದುಬಂದು ಒಂದೇ ಮನೆತನದ ಹೆಸರನ್ನು ಹೊತ್ತ ಬಂಧುಬಳಗವನ್ನು ಕೊಡವರು ‘ಒಕ್ಕ’ವೆಂದು ಕರೆಯುತ್ತಾರೆ; ಆ ಒಕ್ಕದ ಮೂಲಮನೆಯಾದ ಐನ್‌ಮನೆಯೂ, ದೈವತ್ವಕ್ಕೇರಿದ ಹಿರಿಯರಿಗಾಗಿ ಅದರ ಸಮೀಪದಲ್ಲಿ ಕಟ್ಟಿದ ಕೈಮಡವೆಂಬ ಪುಟ್ಟ ಗುಡಿಯೂ, ಹೊಸ ಭತ್ತದ ಕದಿರು ತರುವ ಪುತ್ತರಿಯಂಥ ಹಬ್ಬಗಳಲ್ಲಿ ಚದುರಿದವರನ್ನೆಲ್ಲ ಒಂದೆಡೆ ಸೇರಿಸುವ ತಾಣಗಳಾಗಿವೆ. ಆದರೆ ಸೈನ್ಯ, ನೌಕರಿ, ವ್ಯಾಪಾರಗಳ ದೆಸೆಯಿಂದ ಮಕ್ಕಳು ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದ ಮೇಲೆ, ಹಿರಿಯ ಪಟ್ಟೇದಾರನ, ಅಂದರೆ ಒಕ್ಕದ ಯಜಮಾನನ ಕರೆಯೊಂದೇ ಎಲ್ಲರನ್ನೂ ಬೆಟ್ಟ ಹತ್ತಿಸಲು ಸಾಲದಾಯಿತು. ಈ ಕೊರತೆಯನ್ನು ಹಾಕಿ ತುಂಬಿತೆಂಬುದು ಹೊರಗಿನವರಿಗೆ ವಿಚಿತ್ರವೆನಿಸಬಹುದು; ಹಾಕಿಯ ಗೀಳು ಹತ್ತಿದ ಕೊಡಗಿಗೆ ಮಾತ್ರ ಅದು ಸಹಜವೇ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ಮೊದಲ ವರ್ಷ 60 ಕುಟುಂಬಗಳು ಆಡಿದ್ದವು. ಪ್ರತಿವರ್ಷ ಬೇರೆ ಬೇರೆ ಒಕ್ಕ ಆತಿಥ್ಯ ವಹಿಸಿ ತನ್ನ ಹೆಸರಿನಲ್ಲೇ ನಡೆಸುವ ಈ ‘ನಮ್ಮೆ’ಯಲ್ಲಿ, ಎಂದರೆ ಹಬ್ಬದಲ್ಲಿ, ತಂಡ ಕಟ್ಟಲು ಕೌಶಲಕ್ಕಿಂತ ರಕ್ತಸಂಬಂಧವೇ ಮುಖ್ಯವಾದ ಕಾರಣ ಅಜ್ಜನೂ ಮೊಮ್ಮಗಳೂ ಒಂದೇ ಬಣ್ಣದ ಅಂಗಿ ತೊಟ್ಟು ಒಟ್ಟಿಗೆ ಮೈದಾನಕ್ಕಿಳಿಯುವುದುಂಟು; ಮೊದಲ ಸುತ್ತಿನಲ್ಲೇ ಸೋತ ತಂಡಕ್ಕೂ ಬಂಧುಗಳ ಜೊತೆಗಿನ ಊಟಕ್ಕೆ, ಹರಟೆಗೆ ಅಡ್ಡಿಯಿಲ್ಲ. ಪುಟ್ಟ ಪಟ್ಟಣವಾದ ನಾಪೋಕ್ಲುವಿನಲ್ಲಿ 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಪಂದ್ಯಾವಳಿಯಲ್ಲಿ 360 ಕುಟುಂಬಗಳ ತಂಡಗಳು ಹೆಸರು ನೋಂದಾಯಿಸಿದ್ದವು.