ಖಾಲಿ ಮನೆಗಳ ನಾಡಿನಲ್ಲಿ ಸೂರಿಲ್ಲದವರು

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಸೂರಿಲ್ಲದವರು ಸುಮಾರು 17.7 ಲಕ್ಷ. ಅದೇ ಗಣತಿಯಲ್ಲಿ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು 1.1 ಕೋಟಿ! 2012ರಲ್ಲಿ ಸರಕಾರದ ತಜ್ಞರ ತಂಡವು ನಗರಗಳ ವಸತಿ ಕೊರತೆಯನ್ನು 1.87 ಕೋಟಿ ಎಂದು ಅಂದಾಜಿಸಿತು. ಆ ಕೊರತೆಯ ಶೇ. 95ಕ್ಕೂ ಹೆಚ್ಚು ಪಾಲು ಬಡವರದು ಮತ್ತು ಅಲ್ಪ ಆದಾಯದವರದು. ಮನೆ ವಾಸಕ್ಕಾಗಿ ಎಂಬುದನ್ನು ಮರೆತು ಹೂಡಿಕೆಗಾಗಿ ಕಟ್ಟಿದ್ದರ ಫಲವಿದು.

2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳ ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಅದು ಬಡವರ ವಸತಿಗೆಂದೇ ಇದ್ದ ಸಾರ್ವಜನಿಕ ಜಮೀನು. ಅದರ ಒಂದು ಭಾಗದಲ್ಲಿ ಖಾಸಗಿಯವರು ಮಾಲ್ ಕಟ್ಟುವುದೆಂದು ಒಪ್ಪಂದವಾಗಿತ್ತು. ಇದನ್ನು ಅಭಿವೃದ್ಧಿ ಎನ್ನುವವರು ಮದೀನಾದ ಕಡೆಗೊಮ್ಮೆ ನೋಡಲಿ. ಮಸೀದಿಗಾಗಿ ಆರಿಸಿದ ಜಾಗವು ಇಬ್ಬರು ಅನಾಥ ಬಾಲಕರದಾಗಿತ್ತು. ಅವರು ಉಚಿತವಾಗಿ ಕೊಡಲು ಮುಂದಾದರೂ ಪ್ರವಾದಿವರ್ಯರು(ಸ) ಬೆಲೆ ತೆತ್ತೇ ಪಡೆದರು. ಅದೇ ಮಸೀದಿಯ ಒಂದು ಬದಿಯ ನೆರಳಿನಲ್ಲಿ, ಸುಫ್ಫಾದಲ್ಲಿ, ಮನೆಯಿಲ್ಲದ ಸಹಾಬಿಗಳಿಗೆ ನೆಲೆ ಕೊಟ್ಟರು.

ಸರಕಾರವನ್ನು ದೂರಿ ಕೈತೊಳೆದುಕೊಳ್ಳುವ ಹಕ್ಕು ನಮಗೂ ಇಲ್ಲ. ಫಿಕ್ಹ್ ಶಾಸ್ತ್ರವು ವಾಸದ ಮನೆಯನ್ನು ಮೂಲಭೂತ ಅಗತ್ಯವೆಂದು ಪರಿಗಣಿಸಿ ಝಕಾತ್‌ನಿಂದ ಹೊರಗಿಟ್ಟಿದೆ. ಆದರೆ ಮಾರಿ ಲಾಭ ಗಳಿಸಲೆಂದೇ ಕೊಂಡ ನಿವೇಶನ, ಫ್ಲಾಟ್ ವ್ಯಾಪಾರದ ಸರಕು. ಬಹುಪಾಲು ವಿದ್ವಾಂಸರ ಪ್ರಕಾರ ಅದರ ಮಾರುಕಟ್ಟೆ ಬೆಲೆಯ ಶೇ. 2.5ರಷ್ಟು ಪ್ರತಿವರ್ಷ ಬಡವರ ಹಕ್ಕು. ರಮಝಾನ್‌ನಲ್ಲಿ ಚಿನ್ನವನ್ನು ಗ್ರಾಂ ಲೆಕ್ಕದಲ್ಲಿ ತೂಗುವ ನಾವು ಈ ನಿವೇಶನಗಳನ್ನು ಮಾತ್ರ ಮರೆಯುವುದೇಕೆ?

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿಯಿದೆ. ಎಂಟು ಸಾವಿರ ಬಾಡಿಗೆಯ ಮನೆಗೆ ಎಂಬತ್ತು ಸಾವಿರವನ್ನು ಗಾರೆ ಕೆಲಸದವನು ಎಲ್ಲಿಂದ ತಂದಾನು? ಬಡ್ಡಿ ಸಾಲದ ಬಾಗಿಲು ತಟ್ಟದೆ ಅವನಿಗೆ ಗತ್ಯಂತರವಿಲ್ಲ. ಬಡ್ಡಿ ಹರಾಮ್ ಎಂಬ ಪ್ರವಚನಕ್ಕೆ ತಲೆದೂಗುವ ಮನೆಮಾಲಕರೇ, ಅವನನ್ನು ಆ ಬಾಗಿಲಿಗೆ ಅಟ್ಟಿದವರು ಯಾರು?

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯು 2022ರೊಳಗೆ ಎಲ್ಲರಿಗೂ ಮನೆ ಎಂದಿತ್ತು. ಆ ಗಡುವು ದಾಟಿದರೂ ಮೇಲ್ಸೇತುವೆಗಳ ಕೆಳಗೆ ಮಲಗುವವರಿದ್ದಾರೆ. ಸಾರ್ವಜನಿಕ ಜಮೀನು ಮೊದಲು ಬಡವರ ವಸತಿಗೆ ಮೀಸಲಾಗಬೇಕು. ಬದಲಿ ನೆಲೆ ಕಲ್ಪಿಸದೆ ಒಂದು ಗುಡಿಸಲನ್ನೂ ಕೆಡವಕೂಡದು. ಇದು ಸರಕಾರದೊಡನೆ ನಮ್ಮ ಬೇಡಿಕೆ. ಇನ್ನು ಜಮಾಅತ್‌ಗಳೊಡನೆ ಒಂದು ಪ್ರಶ್ನೆ: ವಕ್ಫ್ ಜಮೀನಿನಲ್ಲಿ ಅಂಗಡಿ ಮಳಿಗೆಗಳು ಏಳಬಹುದಾದರೆ, ವಾಕಿಫರ ಷರತ್ತಿಗೆ ಬದ್ಧವಾಗಿ ವಿಧವೆಯರಿಗೆ, ಕೂಲಿಕಾರರಿಗೆ ಅಗ್ಗದ ಬಾಡಿಗೆಯ ಮನೆಗಳು ಏಕೆ ಏಳಬಾರದು?

ಸೂರಃ ಅಲ್ ಮಾಊನ್ ಎಚ್ಚರಿಸುವುದು ನಮಾಝ್ ಮಾಡುವವರನ್ನೇ. ಅನಾಥನನ್ನು ದೂಡುವವನ, ಸಣ್ಣ ನೆರವನ್ನೂ ತಡೆಯುವವನ ಧರ್ಮನಿಷ್ಠೆಯನ್ನು ಅದು ಒಪ್ಪುವುದಿಲ್ಲ. ನೆರೆಯವನು ಬೀದಿಯಲ್ಲಿ ಮಲಗಿರುವಾಗ, ಅವನು ಯಾವ ಧರ್ಮದವನೇ ಆಗಿರಲಿ, ನಮ್ಮ ಬೀಗ ಹಾಕಿದ ಮನೆಗಳ ಕುರಿತು ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾದವರು ನಾವೇ.